ಹಬ್ಬದ ಎಲೆಯೂ ನಾಯಿಯ ಹೊಟ್ಟೆಯೂ

ಪುಣೆಯಲ್ಲಿ ನೆಲೆಸಿದ ಕನ್ನಡಿಗರಿಗೆ ಆಶ್ವಯುಜದ ಕೊನೆಯಿಂದ ಮಾರ್ಗಶಿರದ ಕೊನೆಯವರೆಗೆ ಹಬ್ಬಗಳಿಗೆ ಬಿಡುವಿಲ್ಲ. ದೀಪಾವಳಿ, ರಾಜ್ಯೋತ್ಸವ, ಕಾಲಭೈರವ ಜಯಂತಿ, ಚಂಪಾಷಷ್ಠಿ, ದತ್ತ ಜಯಂತಿ, ಅವುಗಳ ಬೆನ್ನಿಗೇ ಕ್ರಿಸ್‌ಮಸ್. ಒಂದು ಹಬ್ಬ ಊರಿನಿಂದ ತಂದದ್ದು, ಇನ್ನೊಂದು ಇಲ್ಲಿ ಕಲಿತದ್ದು, ಮತ್ತೊಂದು ಪಕ್ಕದ ಮನೆಯವರದ್ದು. ಈ ಎರಡು ತಿಂಗಳಲ್ಲಿ ನಾವು ತಿನ್ನುವುದೂ ಹೆಚ್ಚು, ಹಂಚುವುದೂ ಹೆಚ್ಚು. ಹಂಚಿ ಮಿಕ್ಕದ್ದು ನಾಯಿಗೆ. ನಮ್ಮ ತಕರಾರು ಇರುವುದು ಈ ಕೊನೆಯ ವಾಕ್ಯದ ಬಗ್ಗೆ.

ನಾಯಿಗೆ ಹಬ್ಬದ ಊಟ ಹಾಕುವುದನ್ನು ನಾವೆಲ್ಲ ದಯೆಯೆಂದು ಕರೆದುಕೊಂಡು ಬಂದಿದ್ದೇವೆ. ಬಹುಪಾಲು ಸಂದರ್ಭಗಳಲ್ಲಿ ಅದು ದಯೆಯಲ್ಲ, ಕಸ ವಿಲೇವಾರಿ. ಕೆಲವೊಮ್ಮೆ ಅದು ಪುಣ್ಯದ ವ್ಯಾಪಾರ. ಅಪರೂಪಕ್ಕೊಮ್ಮೆ, ಆದರೆ ನಾವು ತಿಳಿದುಕೊಂಡಿರುವಷ್ಟು ಅಪರೂಪವಾಗಿ ಅಲ್ಲ, ಅದು ಕೊಲೆ. ಮಾತು ಕಠಿಣವಾಯಿತೆಂದು ಯಾರಿಗಾದರೂ ಅನ್ನಿಸಿದರೆ ಮುಂದಿನ ನಾಲ್ಕು ಪುಟ ಓದಿ ಆಮೇಲೆ ಜಗಳಕ್ಕೆ ಬರಲಿ ಎಂದು ಕೋರುತ್ತೇವೆ.

ಮೊದಲು ಚಂಪಾಷಷ್ಠಿಯನ್ನೇ ತೆಗೆದುಕೊಳ್ಳೋಣ. ಏಕೆಂದರೆ ಕರ್ನಾಟಕಕ್ಕೂ ಮಹಾರಾಷ್ಟ್ರಕ್ಕೂ ನಡುವೆ ಗಡಿಯೆಂಬುದೇ ಇಲ್ಲವೆನ್ನುವಂತೆ ನಡೆದುಕೊಳ್ಳುವ ದೇವರು ಅವನು. ನಮ್ಮ ಮೈಲಾರಲಿಂಗನೇ ಇವರ ಜೇಜುರಿಯ ಖಂಡೋಬ. ಅಲ್ಲಿಯ ಗೊರವರು, ವಗ್ಗಯ್ಯಗಳು ನಾಯಿಯ ಹಾಗೆ ಬೊಗಳಿ, ದೋಣಿಗೆ ಬಾಯಿ ಹಾಕಿ ಉಣ್ಣುತ್ತಾರೆ; ಇಲ್ಲಿಯ ವಾಘ್ಯಾಗಳೂ ದೇವರ ನಾಯಿಗಳೇ. ದೇವರ ಮುಂದೆ ಮನುಷ್ಯ ತಾನು ನಾಯಿಯೆಂದು ಒಪ್ಪಿಕೊಳ್ಳುವ ಈ ಕಲ್ಪನೆಯಷ್ಟು ದೊಡ್ಡ ಕಲ್ಪನೆ ನಮ್ಮ ಭಕ್ತಿಪರಂಪರೆಯಲ್ಲಿ ಹೆಚ್ಚಿಲ್ಲ. ಆದರೆ ಆ ದಿನ ಮನೆಮನೆಯಲ್ಲಿ ಖಂಡೋಬನಿಗೆ ಸಲ್ಲುವ ನೈವೇದ್ಯ ಯಾವುದು? ಸುಟ್ಟ ಬದನೆಯ ಭರ್ತ, ಸಜ್ಜೆಯ ರೊಟ್ಟಿ, ಈರುಳ್ಳಿ. ದೇವರಿಗೆ ತೋರಿಸಿದ್ದರಲ್ಲಿ ಒಂದು ಪಾಲು ದೇವರ ನಾಯಿಗೂ ಸಲ್ಲಬೇಕೆಂದು ಅದೇ ಭರ್ತವನ್ನು ಅದೇ ಈರುಳ್ಳಿಯ ಸಮೇತ ಬೀದಿಯ ನಾಯಿಯ ಮುಂದಿಡುವ ಮನೆಗಳಿವೆ.

ಈರುಳ್ಳಿ ಮತ್ತು ಬೆಳ್ಳುಳ್ಳಿ ನಾಯಿಯ ರಕ್ತವನ್ನು ಕೆಡಿಸುತ್ತವೆ. ಇದು ಅಲಂಕಾರದ ಮಾತಲ್ಲ. ಈ ಜಾತಿಯ ಗೆಡ್ಡೆಗಳಲ್ಲಿರುವ ಗಂಧಕದ ಸಂಯುಕ್ತಗಳು ನಾಯಿಯ ಕೆಂಪು ರಕ್ತಕಣಗಳಿಗೆ ಪೆಟ್ಟು ಕೊಡುತ್ತವೆ. ಪೆಟ್ಟು ತಿಂದ ಕಣಗಳು ಒಡೆಯುತ್ತವೆ. ನಾಯಿ ರಕ್ತಹೀನತೆಯಿಂದ ಕುಸಿಯುತ್ತದೆ. ಬೇಯಿಸಿದರೆ, ಹುರಿದರೆ, ಪುಡಿ ಮಾಡಿದರೆ ಗುಣ ಹೋಗುವುದಿಲ್ಲ. ಒಣಗಿಸಿದ ಪುಡಿ ಇನ್ನೂ ಸಾಂದ್ರ. ದೇಹತೂಕದ ಶೇ. 0.5ಕ್ಕಿಂತ ಹೆಚ್ಚು ಈರುಳ್ಳಿಯನ್ನು ಒಮ್ಮೆಗೇ ತಿಂದ ನಾಯಿಗಳಲ್ಲಿ ಈ ತೊಂದರೆ ಕಾಣಿಸಿಕೊಳ್ಳುತ್ತದೆಂದು ಪಶುವೈದ್ಯರ ಲೆಕ್ಕ. 10 ಕಿಲೋ ತೂಗುವ ನಾಯಿಗೆ ಅದು 50 ಗ್ರಾಂ. ಅಂದರೆ ಒಂದು ಸಣ್ಣ ಈರುಳ್ಳಿ. ಅದಕ್ಕಿಂತ ಕೆಟ್ಟದ್ದು ಅದು ತೆಗೆದುಕೊಳ್ಳುವ ಕಾಲ. ತಿಂದ ದಿನ ನಾಯಿ ಬಾಲ ಆಡಿಸುತ್ತಲೇ ಇರುತ್ತದೆ. ಮೂರು ನಾಲ್ಕು ದಿನಗಳ ಮೇಲೆ ಒಸಡು ಬಿಳಿಚಿಕೊಂಡು, ಮೂತ್ರ ಕಾಫಿಯ ಬಣ್ಣಕ್ಕೆ ತಿರುಗಿ, ಎದ್ದು ನಿಲ್ಲಲಾರದೆ ಎಲ್ಲೋ ಮೂಲೆ ಸೇರುತ್ತದೆ. ಅಷ್ಟರಲ್ಲಿ ಷಷ್ಠಿ ಕಳೆದು ನವಮಿ ದಶಮಿ ಬಂದಿರುತ್ತದೆ. ಭರ್ತಕ್ಕೂ ಆ ನಾಯಿಗೂ ಯಾರೂ ಸಂಬಂಧ ಕಲ್ಪಿಸುವುದಿಲ್ಲ.

ಸಂಬಂಧ ಕಲ್ಪಿಸದಿರುವ ಈ ಸೌಕರ್ಯವೇ ನಮ್ಮ ದಯೆಯ ತಳಪಾಯ.

ನಾವು ಇರುವ ಸರಕಾರಿ ವಸತಿಗೃಹಗಳ ಗೇಟಿನಲ್ಲಿ ಕಾಳ್ಯಾ ಎಂಬ ಹೆಸರಿನ ನಾಯಿಯೊಂದಿತ್ತು. ಹೆಸರು ಮರಾಠಿಯದಾದರೂ ಕನ್ನಡ, ತಮಿಳು, ಬಂಗಾಳಿ, ಎಲ್ಲ ಭಾಷೆಯ ಗದರಿಕೆಗಳೂ ಅದಕ್ಕೆ ಅರ್ಥವಾಗುತ್ತಿದ್ದವು. ಕೇಂದ್ರ ಸರಕಾರದ ನೌಕರರ ನಡುವೆ ಬೆಳೆದ ನಾಯಿ. ಒಂದು ದೀಪಾವಳಿಯ ಪಾಡ್ಯ ಕಳೆದ ಎರಡನೆಯ ದಿನ ಅದು ವಾಂತಿ ಮಾಡತೊಡಗಿತು. ಮೂರನೆಯ ದಿನ ನೀರನ್ನೂ ಮುಟ್ಟಲಿಲ್ಲ. ರಿಕ್ಷಾದಲ್ಲಿ ಹಾಕಿಕೊಂಡು ಹೋಗಿ ರಕ್ತಪರೀಕ್ಷೆ ಮಾಡಿಸಿದಾಗ ಎರಡೂ ಮೂತ್ರಪಿಂಡಗಳು ಕೈಬಿಟ್ಟಿದ್ದವು. ವೈದ್ಯರು ಕೇಳಿದ ಮೊದಲ ಪ್ರಶ್ನೆ: ಏನು ತಿಂದಿತ್ತು? ನಲವತ್ತೆಂಟು ಮನೆಗಳ ಪೈಕಿ ಯಾವ ಮನೆಯದನ್ನು ಹೇಳುವುದು? ಚಿವಡಾ ಹಾಕಿದವರು, ಡ್ರೈಫ್ರೂಟ್ ಡಬ್ಬಿಯ ತಳದಲ್ಲಿ ಉಳಿದ ಒಣದ್ರಾಕ್ಷಿಯನ್ನು ಸುರಿದವರು, ಶ್ರೀಖಂಡದ ಬಟ್ಟಲು ನೆಕ್ಕಿಸಿದವರು, ಎಲ್ಲರೂ ಪ್ರೀತಿಯಿಂದಲೇ ಮಾಡಿದ್ದರು. ಐದನೆಯ ದಿನ ಕಾಳ್ಯಾ ಸತ್ತಿತು. ಒಣದ್ರಾಕ್ಷಿಯೇ ಕಾರಣವೆಂದು ಖಚಿತವಾಗಿ ಹೇಳಲಾಗದು, ಇಲಿಜ್ವರವೂ ಮೂತ್ರಪಿಂಡವನ್ನು ಹೀಗೇ ಕೆಡಿಸಬಲ್ಲದು ಎಂದು ವೈದ್ಯರು ಪ್ರಾಮಾಣಿಕವಾಗಿ ಹೇಳಿದರು. ಆದರೆ ನಲವತ್ತೆಂಟು ಮನೆಗಳಲ್ಲಿ ಒಂದು ಮನೆಗೂ ಅದನ್ನು ತಿಳಿದುಕೊಳ್ಳುವ ಕುತೂಹಲ ಹುಟ್ಟಲಿಲ್ಲವೆಂಬುದಂತೂ ಖಚಿತ. ಎಲ್ಲರೂ "ಅದರ ಆಯುಸ್ಸು ಅಷ್ಟೇ" ಎಂದರು. ಆಯುಸ್ಸಿನ ಮೇಲೆ ಹೊರಿಸಿದ ಆರೋಪಕ್ಕೆ ವಿಚಾರಣೆಯಿಲ್ಲ.

ಒಣದ್ರಾಕ್ಷಿಯ ಮಾತನ್ನು ಇನ್ನಷ್ಟು ಬಿಡಿಸಿ ಹೇಳಬೇಕು. ನಮ್ಮಲ್ಲಿ ಅನೇಕರು ವಿಜಯಪುರ ಕಡೆಯವರು. ಇತ್ತ ಸಾಂಗ್ಲಿ, ತಾಸಗಾಂವ್. ದೇಶಕ್ಕೆಲ್ಲ ಒಣದ್ರಾಕ್ಷಿ ಉಣಿಸುವ ಸೀಮೆಯ ಮಕ್ಕಳು ನಾವು. ದ್ರಾಕ್ಷಿ, ಒಣದ್ರಾಕ್ಷಿಗಳು ನಾಯಿಯ ಮೂತ್ರಪಿಂಡವನ್ನು ಕೆಡಿಸಬಲ್ಲವೆಂಬುದು ಪಶುವೈದ್ಯಲೋಕಕ್ಕೆ ತಿಳಿದು ಎರಡು ದಶಕಗಳಿಗೂ ಮೇಲಾಯಿತು. ಆದರೆ ಏಕೆ ಎಂಬುದು ಬಹುಕಾಲ ಒಗಟಾಗಿತ್ತು. ಒಂದು ನಾಯಿ ಹಿಡಿ ದ್ರಾಕ್ಷಿ ತಿಂದು ಸುಖವಾಗಿರುತ್ತದೆ, ಇನ್ನೊಂದು ನಾಲ್ಕು ಕಾಳು ತಿಂದು ಸಾಯುತ್ತದೆ. ಇಷ್ಟು ತಿಂದರೆ ಅಪಾಯವಿಲ್ಲ ಎನ್ನುವ ಅಳತೆಯೇ ಇಲ್ಲ. 2021ರಲ್ಲಿ ಅಮೆರಿಕದ ಪಶು ವಿಷಶಾಸ್ತ್ರಜ್ಞರು ದ್ರಾಕ್ಷಿಯಲ್ಲಿರುವ ಟಾರ್ಟಾರಿಕ್ ಆಮ್ಲ ಮತ್ತು ಅದರ ಪೊಟ್ಯಾಸಿಯಂ ಲವಣದ ಕಡೆಗೆ ಬೊಟ್ಟು ಮಾಡಿದರು. ಈ ಆಮ್ಲದ ಪ್ರಮಾಣ ದ್ರಾಕ್ಷಿಯ ತಳಿಯಿಂದ ತಳಿಗೆ, ಹಣ್ಣಾಗುವ ಹಂತದಿಂದ ಹಂತಕ್ಕೆ ಬದಲಾಗುತ್ತದೆ. ಒಗಟಿನ ಅರ್ಧ ಉತ್ತರ ಅಲ್ಲಿ ಸಿಕ್ಕಿತು. ಅವರಿಗೆ ಈ ಸುಳಿವು ಕೊಟ್ಟದ್ದು ದ್ರಾಕ್ಷಿಯಲ್ಲ. ಮನೆಯಲ್ಲಿ ಮಕ್ಕಳ ಆಟಕ್ಕೆ ಮಾಡಿದ ಹಿಟ್ಟಿನಲ್ಲಿದ್ದ ಕ್ರೀಮ್ ಆಫ್ ಟಾರ್ಟರ್ ಎಂಬ ಪುಡಿಯನ್ನು ತಿಂದ ನಾಯಿಯಲ್ಲೂ ಅದೇ ಲಕ್ಷಣ ಕಂಡಿತ್ತು. ಆಮೇಲೆ ಇನ್ನೊಂದು ಹಣ್ಣನ್ನು ತಿಂದ ನಾಯಿಗಳಲ್ಲೂ.

ಆ ಹಣ್ಣು ಹುಣಸೆ.

ಹುಣಸೆಯಲ್ಲಿ ಟಾರ್ಟಾರಿಕ್ ಆಮ್ಲ ದ್ರಾಕ್ಷಿಯಲ್ಲಿರುವುದಕ್ಕಿಂತ ಹಲವು ಪಟ್ಟು ಹೆಚ್ಚು. ಕನ್ನಡಿಗರ ಅಡುಗೆಮನೆಯಲ್ಲಿ ಕುಳಿತು ಈ ವಾಕ್ಯವನ್ನು ಓದಿಕೊಳ್ಳಿ. ಹುಳಿ, ಸಾರು, ಗೊಜ್ಜು, ಪುಳಿಯೋಗರೆ, ಬಿಸಿಬೇಳೆ ಬಾತ್. ಒಂದು ಸೌಟು ತೆಳ್ಳನೆಯ ಸಾರು ಕಲಸಿದ ಅನ್ನದಿಂದ ನಾಯಿ ಸಾಯುತ್ತದೆಂದು ನಾವು ಹೇಳುತ್ತಿಲ್ಲ. ಅಂಥ ಉತ್ಪ್ರೇಕ್ಷೆ ನಮ್ಮ ಪಕ್ಷವನ್ನೇ ದುರ್ಬಲಗೊಳಿಸುತ್ತದೆ. ಆದರೆ ಗಟ್ಟಿ ಗೊಜ್ಜು ಮೆತ್ತಿದ ಪುಳಿಯೋಗರೆಯನ್ನು ಎಲೆಗಟ್ಟಲೆ ಸುರಿಯುವುದು, ಕಿವುಚಿ ತೆಗೆದ ಹುಣಸೆಯ ಹಿಪ್ಪೆಯನ್ನು ಅನ್ನದ ಜೊತೆ ಸೇರಿಸಿ ಹೊರಗಿಡುವುದು ಬೇರೆಯ ಮಾತು. ಹಿತ್ತಾಳೆಯ ಪಾತ್ರೆ ಬೆಳಗುವ ಹುಳಿ, ಮೂತ್ರಪಿಂಡದ ಮೇಲೆ ಏನು ಮಾಡಬಹುದೆಂದು ಊಹಿಸುವುದಕ್ಕೆ ಎಂ.ಎ. ಬೇಕಾಗಿಲ್ಲ.

ಇಲ್ಲಿಗೆ ಬರುವಷ್ಟರಲ್ಲಿ ಓದುಗರಲ್ಲಿ ಒಬ್ಬರಾದರೂ ಕೈಯೆತ್ತಿರುತ್ತಾರೆ. "ನಮ್ಮೂರಿನ ನಾಯಿಗಳು ಎಲ್ಲವನ್ನೂ ತಿಂದು ಹದಿನೈದು ವರ್ಷ ಬದುಕಿದವು. ಇದೆಲ್ಲ ಪೇಟೆಯ ನಾಯಿಗಳ ನಾಜೂಕು." ಈ ವಾದವನ್ನು ನಾವು ಎಷ್ಟು ಸಲ ಕೇಳಿದ್ದೇವೆಂದರೆ, ಅದಕ್ಕೊಂದು ಉತ್ತರವನ್ನು ಬರೆದಿಡುವುದೇ ಲೇಸು.

ಊರಿನ ನಾಯಿ ಎಲ್ಲವನ್ನೂ ತಿನ್ನುತ್ತಿರಲಿಲ್ಲ. ನೆನಪಿಸಿಕೊಳ್ಳಿ. ಅದಕ್ಕೆ ಸಿಗುತ್ತಿದ್ದದ್ದು ಮಿಕ್ಕ ಮುದ್ದೆ, ಜೋಳದ ರೊಟ್ಟಿಯ ಅಂಚು, ಗಂಜಿ, ನೀರು ಮಜ್ಜಿಗೆ ಬೆರೆಸಿದ ಅನ್ನ, ಎಂದಾದರೊಮ್ಮೆ ಮೂಳೆ. ಒಣದ್ರಾಕ್ಷಿಯನ್ನು ಅಜ್ಜಿ ಡಬ್ಬಿಯಿಂದ ಎಣಿಸಿ ತೆಗೆದು ಪಾಯಸಕ್ಕೆ ಹಾಕುತ್ತಿದ್ದಳು. ಮನೆಯ ಮಕ್ಕಳಿಗೇ ತಲೆಗೆ ಎರಡು ಬಂದರೆ ಅದೃಷ್ಟ. ಚಾಕೊಲೇಟು ಊರಿಗೇ ಬಂದಿರಲಿಲ್ಲ. ಸಕ್ಕರೆಯಿಲ್ಲದ ಸಿಹಿಯೆಂಬ ವಿರೋಧಾಭಾಸ ಇನ್ನೂ ಹುಟ್ಟಿರಲಿಲ್ಲ. ಬಡತನವೇ ಆ ನಾಯಿಯ ಪಥ್ಯವಾಗಿತ್ತು. ನಮ್ಮ ಸಂಬಳ ಹೆಚ್ಚಿತು, ಆಯೋಗದ ಮೇಲೆ ಆಯೋಗ ಬಂತು, ಹಬ್ಬದ ಉಡುಗೊರೆಯ ಡಬ್ಬಿಗಳು ದಪ್ಪವಾದವು. ಮಿಕ್ಕದ್ದರ ಸ್ವರೂಪವೇ ಬದಲಾಯಿತು. ಮಿಕ್ಕದ್ದು ನಾಯಿಗೆ ಎಂಬ ನಿಯಮ ಮಾತ್ರ ಬದಲಾಗಲಿಲ್ಲ.

ಮತ್ತೆ, ಹದಿನೈದು ವರ್ಷ ಬದುಕಿದ ನಾಯಿಯನ್ನು ಮಾತ್ರ ನಾವು ನೆನಪಿಟ್ಟುಕೊಂಡಿದ್ದೇವೆ. ಎರಡೇ ವರ್ಷಕ್ಕೆ ಹೊಲದ ಬದುವಿನಲ್ಲಿ ಸತ್ತ ನಾಯಿಗೆ ಯಾರೂ ಕಾರಣ ಹುಡುಕಲಿಲ್ಲ, ಹೆಸರನ್ನೂ ಉಳಿಸಲಿಲ್ಲ. ಬದುಕಿದವುಗಳ ಸಾಕ್ಷ್ಯವನ್ನಷ್ಟೇ ಕೇಳಿ ತೀರ್ಪು ಕೊಡುವ ನ್ಯಾಯಾಲಯದಲ್ಲಿ ಯಾವ ವಿಷವಾದರೂ ಖುಲಾಸೆಯಾಗುತ್ತದೆ.

ಚಾಕೊಲೇಟಿನ ಬಗ್ಗೆ ಈಗ ಸ್ವಲ್ಪಮಟ್ಟಿಗೆ ಎಲ್ಲರಿಗೂ ಗೊತ್ತಿದೆ, ಆದ್ದರಿಂದ ಚಿಕ್ಕದಾಗಿ ಹೇಳುತ್ತೇವೆ. ಕೋಕೋದಲ್ಲಿರುವ ಥಿಯೊಬ್ರೊಮಿನ್ ಎಂಬ ವಸ್ತುವನ್ನು ನಾಯಿಯ ದೇಹ ಬಹಳ ನಿಧಾನವಾಗಿ ಕರಗಿಸುತ್ತದೆ. ಅದರಲ್ಲಿ ಅರ್ಧ ಇಳಿಯುವುದಕ್ಕೇ ಸುಮಾರು 17 ತಾಸು ಬೇಕು. ನಾಯಿಯ ಪ್ರತಿ ಕಿಲೋ ತೂಕಕ್ಕೆ ಸುಮಾರು 20 ಮಿಲಿಗ್ರಾಂ ಒಳಹೋದರೆ ವಾಂತಿ, ಭೇದಿ, ಚಡಪಡಿಕೆ. 40ರಿಂದ 50 ಆದರೆ ಹೃದಯದ ಬಡಿತ ತಪ್ಪುತ್ತದೆ. 60 ದಾಟಿದರೆ ಸೆಳವು. ಕಪ್ಪು ಚಾಕೊಲೇಟಿನ ಒಂದು ಗ್ರಾಮಿನಲ್ಲಿ ಸುಮಾರು 5 ಮಿಲಿಗ್ರಾಂ ಇರುತ್ತದೆನ್ನೋಣ: 10 ಕಿಲೋ ನಾಯಿಗೆ ತೊಂದರೆ ಶುರುವಾಗಲು 40 ಗ್ರಾಂ ಸಾಕು. ಹಾಲಿನ ಚಾಕೊಲೇಟಿನಲ್ಲಿ ಇದು ಅರ್ಧಕ್ಕಿಂತ ಕಡಿಮೆ. ಅಷ್ಟರಿಂದ ಸಮಾಧಾನಪಟ್ಟುಕೊಳ್ಳುವವರು ತಮ್ಮ ಮನೆಯ ಪುಟ್ಟ ಪೊಮೆರೇನಿಯನ್ನಿನ ತೂಕವನ್ನು ಒಮ್ಮೆ ನೋಡಿಕೊಳ್ಳಲಿ.

ಗೊತ್ತಿಲ್ಲದಿರುವುದು ಜೈಲಿಟಾಲ್ ಬಗ್ಗೆ. ಮಧುಮೇಹಿಗಳ ನಾಡು ನಮ್ಮದು. ಹಬ್ಬದ ಡಬ್ಬಿಗಳಲ್ಲಿ ಶುಗರ್ ಫ್ರೀ ಎಂಬ ಚೀಟಿ ಹೊತ್ತವು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿವೆ. ಅಪ್ಪನಿಗಾಗಿ ತಂದ ಆ ಸಿಹಿಯನ್ನು ಅಪ್ಪ ಒಂದು ತಿಂದು, ರುಚಿಯಿಲ್ಲವೆಂದು ಉಳಿದದ್ದನ್ನು ಮೇಜಿನ ಕೆಳಗೆ ಚಾಚುತ್ತಾರೆ. ಸಕ್ಕರೆಯಿಲ್ಲ, ಆದ್ದರಿಂದ ನಾಯಿಗೂ ಒಳ್ಳೆಯದೇ ಎಂಬ ತರ್ಕ. ಎಲ್ಲ ಕೃತಕ ಸಿಹಿಗಳೂ ಕೇಡು ಮಾಡುತ್ತವೆಂದಲ್ಲ. ಸ್ಟೀವಿಯಾ, ಸುಕ್ರಲೋಸ್‌ಗಳ ಮೇಲೆ ಈ ಆರೋಪವಿಲ್ಲ. ಆದರೆ ಜೈಲಿಟಾಲ್ ನಾಯಿಯ ರಕ್ತಕ್ಕೆ ಸೇರಿದೊಡನೆ ಅದರ ದೇಹ ಇನ್ಸುಲಿನ್ನನ್ನು ಧಾರೆಯಾಗಿ ಸುರಿಸುತ್ತದೆ. ರಕ್ತದ ಸಕ್ಕರೆ ಪಾತಾಳಕ್ಕಿಳಿಯುತ್ತದೆ, ಕೆಲವೊಮ್ಮೆ ಅರ್ಧ ತಾಸಿನೊಳಗೆ. ಮನುಷ್ಯನಲ್ಲಿ ಹೀಗಾಗುವುದಿಲ್ಲ. ಕಿಲೋ ತೂಕಕ್ಕೆ 0.1 ಗ್ರಾಂ ಸಾಕು ಸಕ್ಕರೆ ಇಳಿಸುವುದಕ್ಕೆ; 0.5 ಗ್ರಾಂ ದಾಟಿದರೆ ಯಕೃತ್ತಿಗೇ ಪೆಟ್ಟು. ಸಕ್ಕರೆರಹಿತ ಚ್ಯೂಯಿಂಗ್ ಗಮ್, ಕೆಲವು ಪುದೀನ ಗುಳಿಗೆಗಳು, ಕೆಲವು ಬಗೆಯ ಶೇಂಗಾ ಬೆಣ್ಣೆ, ಕೆಲವು ಸಿಹಿತಿಂಡಿಗಳು: ಪೊಟ್ಟಣದ ಹಿಂಬದಿಯಲ್ಲಿ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಜೈಲಿಟಾಲ್ ಎಂದೋ 967 ಎಂಬ ಅಂಕಿಯೋ ಇರುತ್ತದೆ. ಕಡತದ ಮೂಲೆಯ ಷರಾ ಓದುವುದನ್ನೇ ಉದ್ಯೋಗ ಮಾಡಿಕೊಂಡ ನಮ್ಮಂಥವರಿಗೆ ಅದನ್ನು ಓದುವುದು ಕಷ್ಟವಾಗಬಾರದು.

ತುಪ್ಪದ ಬಗ್ಗೆ ಹಿಂದಿಯವರಲ್ಲಿ ಒಂದು ಗಾದೆಯಿದೆ: ನಾಯಿಗೆ ತುಪ್ಪ ಜೀರ್ಣವಾಗದು. ಯೋಗ್ಯತೆ ಮೀರಿ ಸಿಕ್ಕ ಭಾಗ್ಯವನ್ನು ಅರಗಿಸಿಕೊಳ್ಳಲಾರದ ಮನುಷ್ಯನನ್ನು ಹೀಗಳೆಯುವ ಮಾತು ಅದು. ಬೈಗುಳವಾಗಿ ಅದು ಅನ್ಯಾಯವಾದರೂ ವೈದ್ಯವಾಗಿ ಬಹುಮಟ್ಟಿಗೆ ಸರಿ. ಒಮ್ಮೆಗೇ ಬಿದ್ದ ಕೊಬ್ಬಿನ ಹೊರೆ ನಾಯಿಯ ಮೇದೋಜೀರಕ ಗ್ರಂಥಿಯನ್ನು ಉರಿಯೂತಕ್ಕೆ ತಳ್ಳಬಲ್ಲದು. ಕರಂಜಿ, ಅನಾರಸೆ, ಶಂಕರಪಾಳಿ, ತುಪ್ಪದಲ್ಲಿ ಮುಳುಗಿದ ಹೋಳಿಗೆ, ಮಾಂಸಾಹಾರಿಗಳ ಮನೆಯಲ್ಲಾದರೆ ಚರ್ಬಿ. ಇವೆಲ್ಲ ಒಂದೇ ದಿನ ಹತ್ತು ಮನೆಯಿಂದ ಬೀಳುತ್ತವೆ. ಹೊಟ್ಟೆಯ ನೋವು ತಡೆಯಲಾರದ ನಾಯಿ ಮುಂಗಾಲುಗಳನ್ನು ನೆಲಕ್ಕೆ ಚಾಚಿ ಎದೆಯನ್ನು ಊರಿ ಹಿಂಭಾಗವನ್ನು ಮೇಲೆತ್ತಿ ನಿಲ್ಲುತ್ತದೆ. ಇದನ್ನು ವೈದ್ಯರು ಪ್ರಾರ್ಥನೆಯ ಭಂಗಿಯೆಂದೇ ಕರೆಯುತ್ತಾರೆ. ಹಬ್ಬದ ಮರುದಿನ ನಾಯಿ ಕೈಮುಗಿದು ಕೃತಜ್ಞತೆ ಸಲ್ಲಿಸಿತೆಂದು ಮೊಬೈಲಿನಲ್ಲಿ ಚಿತ್ರ ಹಿಡಿಯುವವರು ಇದನ್ನು ದಯವಿಟ್ಟು ಗಮನಿಸಬೇಕು.

ಪುಣ್ಯದ ವ್ಯಾಪಾರವೆಂದೆವಲ್ಲ, ಅದಕ್ಕೂ ಎರಡು ಮಾತು. ಬೆಳಗಿನ ಟಿ.ವಿ. ಜ್ಯೋತಿಷ್ಯದಲ್ಲಿ ಶನಿಗೆ, ಕೇತುವಿಗೆ, ರಾಹುವಿಗೆ ಪರಿಹಾರವೆಂದು ಕರಿನಾಯಿಗೆ ತುಪ್ಪ ಸವರಿದ ರೊಟ್ಟಿ, ಬೆಲ್ಲ, ಸಿಹಿ ಹಾಕಿರೆಂದು ಹೇಳುತ್ತಾರೆ. ಭೈರವಾಷ್ಟಮಿಯಂದು ಯಾವುದಾದರೂ ಪೇಟೆಯ ಕರಿನಾಯಿಯ ಪಾಡನ್ನು ಗಮನಿಸಿ. ಅದು ಬೇಡವೆಂದು ಮುಖ ತಿರುಗಿಸಿದರೂ ಕಾರಿನಿಂದಿಳಿದ ಭಕ್ತ ಬಿಡುವುದಿಲ್ಲ; ಅದು ತಿಂದರೆ ತಾನೆ ಅವನ ಗ್ರಹ ಇಳಿಯುವುದು? ಅಲ್ಲಿ ನಾಯಿ ಉಣ್ಣುವ ಜೀವವಲ್ಲ, ಗ್ರಹದೋಷ ಹಾಕುವ ಅಂಚೆಪೆಟ್ಟಿಗೆ. ನೇಪಾಳದಲ್ಲಿ ತಿಹಾರದ ಎರಡನೆಯ ದಿನ ನಾಯಿಗೆ ಮಾಲೆ ಹಾಕಿ ತಿಲಕವಿಟ್ಟು ಪೂಜಿಸುತ್ತಾರೆ. ಆ ಆಚರಣೆಯ ಸೊಗಸಿಗೆ ನಾವೂ ತಲೆಬಾಗುತ್ತೇವೆ. ಈಚೆಗೆ ನಮ್ಮ ನಗರಗಳ ಕೆಲವರು ಅದನ್ನು ಅನುಕರಿಸುತ್ತಿದ್ದಾರೆ. ಹೂವಿನ ಮಾಲೆಯಿಂದ ನಾಯಿಗೆ ತೊಂದರೆಯಿಲ್ಲ. ಮಾಲೆಯ ಜೊತೆ ತಟ್ಟೆಯಲ್ಲಿ ಏನಿದೆ ಎಂಬುದೇ ಪ್ರಶ್ನೆ.

ಮಹಾಭಾರತದ ಆದಿಪರ್ವದ ಮೊದಮೊದಲಲ್ಲೇ ಒಂದು ನಾಯಿ ಬರುತ್ತದೆ. ನಾವೆಲ್ಲ ಸ್ವರ್ಗಾರೋಹಣದ ಧರ್ಮರಾಯನ ನಾಯಿಯನ್ನು ಹಾಡಿ ಹೊಗಳಿ ಇದನ್ನು ಮರೆತಿದ್ದೇವೆ. ಜನಮೇಜಯನು ಸತ್ರ ನಡೆಸುತ್ತಿದ್ದಾಗ ಸರಮೆಯ ಮಗನಾದ ನಾಯಿಯೊಂದು ಅಲ್ಲಿಗೆ ಬರುತ್ತದೆ. ರಾಜನ ತಮ್ಮಂದಿರು ಅದನ್ನು ಹೊಡೆದು ಓಡಿಸುತ್ತಾರೆ. ಅದು ಅಳುತ್ತ ತಾಯಿಯ ಬಳಿಗೆ ಹೋಗಿ, ತಾನು ಹವಿಸ್ಸನ್ನು ನೋಡಲೂ ಇಲ್ಲ, ನೆಕ್ಕಲೂ ಇಲ್ಲ ಎನ್ನುತ್ತದೆ. ತಾಯಿ ಸರಮೆ ಸತ್ರಶಾಲೆಗೇ ಬಂದು ನ್ಯಾಯ ಕೇಳುತ್ತಾಳೆ. ಉತ್ತರ ಸಿಗದೆ ಶಪಿಸುತ್ತಾಳೆ. ಅಂದಿನವರು ಹವಿಸ್ಸನ್ನು ಮುಟ್ಟದ ನಾಯಿಯನ್ನು ಹೊಡೆದರು. ಇಂದಿನ ನಾವು ಮುಟ್ಟಲೊಲ್ಲದ ನಾಯಿಯ ಬಾಯಿಗೆ ಹವಿಸ್ಸನ್ನು ತುರುಕುತ್ತೇವೆ. ಎರಡು ಸಂದರ್ಭಗಳಲ್ಲೂ ಯಜ್ಞ ನಮ್ಮದು, ಪೆಟ್ಟು ಅದರದು. ಸರಮೆ ಇಂದು ಬಂದು ಕೇಳಿದರೆ ನಲವತ್ತೆಂಟು ಮನೆಗಳಲ್ಲಿ ಯಾವ ಮನೆಯ ಬಾಗಿಲು ತಟ್ಟಬೇಕು?

ಭಕ್ತರನ್ನು ಮಾತ್ರ ದೂರಿದರೆ ಪಕ್ಷಪಾತವಾದೀತು. ನಮ್ಮ ಹಾಗೆ ಇಂಗ್ಲಿಷ್ ಓದಿಕೊಂಡು, ದೇವರನ್ನು ಬಿಟ್ಟು ನಾಯಿಯನ್ನು ಹಿಡಿದುಕೊಂಡ ವರ್ಗವೂ ಇದೆ. ಬೈರನ್ ಕವಿ 1808ರಲ್ಲಿ ಸತ್ತ ತನ್ನ ಬೋಟ್ಸ್‌ವೇನ್ ಎಂಬ ನಾಯಿಗೆ ನ್ಯೂಸ್ಟೆಡ್ ಅಬ್ಬೆಯಲ್ಲಿ ದೊಡ್ಡ ಸ್ಮಾರಕವನ್ನೇ ಕಟ್ಟಿಸಿದ. ಅದು ಹುಚ್ಚುನಾಯಿ ರೋಗದಿಂದ ಸತ್ತಿತ್ತು. ಸ್ಮಾರಕ ಕಟ್ಟುವ ಪ್ರೀತಿಗೆ ನಮ್ಮಲ್ಲೂ ಬರವಿಲ್ಲ. ಕ್ರಿಸ್‌ಮಸ್ಸಿಗೆ ನಾಯಿಗೆ ಕೆಂಪು ಟೊಪ್ಪಿಗೆ ಹಾಕಿ, ಮೇಜಿನ ಮೇಲೆ ಕೂರಿಸಿ, ಪ್ಲಮ್ ಕೇಕಿನ ತುಂಡನ್ನು ಬಾಯಿಗಿಟ್ಟು ಚಿತ್ರ ತೆಗೆಯುವವರು ಅವರು. ಪ್ಲಮ್ ಕೇಕಿನಲ್ಲಿ ಪ್ಲಮ್ ಇರುವುದಿಲ್ಲವೆಂಬುದು ಮಂಗಳೂರು ಕಡೆಯ ಕ್ರೈಸ್ತ ಮಿತ್ರರ ಮನೆಯ ಕುಸ್ವಾರ್ ತಿಂದವರಿಗೆಲ್ಲ ಗೊತ್ತು. ಇರುವುದು ವಾರಗಟ್ಟಲೆ ರಮ್ಮಿನಲ್ಲಿ ನೆನೆಸಿದ ಒಣದ್ರಾಕ್ಷಿ. ಒಂದೇ ತುಂಡಿನಲ್ಲಿ ನಾಯಿಗೆ ಎರಡು ವಿಷ, ಕೋಕೋ ಬೆರೆಸಿದ್ದರೆ ಮೂರು. ಆ ಮಿತ್ರರು ತಮ್ಮ ನಾಯಿಗಳಿಗೆ ಅದನ್ನು ಹಾಕುವುದನ್ನು ನಾವು ಕಂಡಿಲ್ಲ. ಹಾಕುವವರು ಬೇಕರಿಯಿಂದ ಕೊಂಡು ತಂದ ನಮ್ಮವರು.

ತೇಜಸ್ವಿಯವರನ್ನು ಓದಿದವರು ಕಿವಿಯನ್ನು ಮರೆಯಲಾರರು. 'ಪರಿಸರದ ಕತೆ'ಯಲ್ಲಿ, 'ಕರ್ವಾಲೊ'ದಲ್ಲಿ ಅದು ನಾಯಿಯಾಗಿಯೇ ಓಡಾಡುತ್ತದೆ. ಅದರ ಮೂಗು, ಅದರ ಪೆದ್ದುತನ, ಅದರ ಹಟ ಎಲ್ಲ ಅದರವೇ. ನಾಯಿಯನ್ನು ಮಗುವೆಂದೋ ದೇವರ ವಾಹನವೆಂದೋ ಕರೆಯುವ ಮೊದಲು ಅದು ಬೇರೆಯದೇ ಯಕೃತ್ತು, ಬೇರೆಯದೇ ರಕ್ತ ಇರುವ ಬೇರೊಂದು ಪ್ರಾಣಿಯೆಂದು ಒಪ್ಪಿಕೊಳ್ಳುವ ಆ ನೋಟ ನಮ್ಮ ಭಾಷೆಯಲ್ಲೇ ಇತ್ತು. ನಾವು ಸಂಚಿಕೆಗಳಲ್ಲಿ ತೇಜಸ್ವಿಯವರ ಬಗ್ಗೆ ಲೇಖನ ಬರೆದದ್ದೇ ಬಂತು.

ಕಾನೂನಿನ ಮೊರೆಹೋಗೋಣವೆಂದರೆ ಅದೂ ಒಂದು ತಮಾಷೆ. ಸಂವಿಧಾನದ 51ಎ ವಿಧಿ ಜೀವಿಗಳ ಬಗ್ಗೆ ಅನುಕಂಪವನ್ನು ನಾಗರಿಕರ ಮೂಲಭೂತ ಕರ್ತವ್ಯವೆನ್ನುತ್ತದೆ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆ, ಬೇಕೆಂದೇ ಪ್ರಾಣಿಗೆ ಹಾನಿಕರ ವಸ್ತು ತಿನ್ನಿಸುವುದನ್ನು ಅಪರಾಧವೆನ್ನುತ್ತದೆ. ಮೊದಲ ಅಪರಾಧಕ್ಕೆ ದಂಡ 10ರಿಂದ 50 ರೂಪಾಯಿ. ಬೇಕೆಂದೇ ಮಾಡುವವರು ಕೆಲವರು. ಪ್ರೀತಿಯಿಂದ ಮಾಡುವವರು ಅಸಂಖ್ಯರು, ಅವರಿಗೆ ದಂಡವಿಲ್ಲ, ಇರಬೇಕೆಂದು ನಾವೂ ಹೇಳುವುದಿಲ್ಲ. ಈಚಿನ ವರ್ಷಗಳಲ್ಲಿ ಬೀದಿನಾಯಿಗಳ ಬಗ್ಗೆ ದೇಶವೇ ಎರಡಾಗಿ ಕಾದಾಡುತ್ತಿದೆ. ಸರಕಾರಿ ನೌಕರರಾದ ನಾವು ನ್ಯಾಯಾಲಯದ ಮುಂದಿನ ವಿಷಯಕ್ಕೆ ಕೈಹಾಕುವುದಿಲ್ಲ. ಆದರೆ ಆ ಕಾದಾಟವನ್ನೆಲ್ಲ ಕೇಳಿ ನೋಡಿ: ಎಲ್ಲಿ ಹಾಕಬೇಕು, ಯಾರು ಹಾಕಬೇಕು, ಹಾಕಬಹುದೇ ಹಾಕಬಾರದೇ. ಏನನ್ನು ಹಾಕುತ್ತಿದ್ದೀರಿ ಎಂದು ಎರಡು ಬಣಗಳಲ್ಲಿ ಒಂದೂ ಗಟ್ಟಿಯಾಗಿ ಕೇಳುತ್ತಿಲ್ಲ.

ಹಾಗಾದರೆ ನಾಯಿ ಹಬ್ಬದ ದಿನ ಉಪವಾಸವಿರಬೇಕೇ ಎಂದು ಕೇಳುತ್ತೀರಿ. ಬೇಡ. ಒಗ್ಗರಣೆಗೆ ಮೊದಲೇ, ಉಪ್ಪು ಹುಳಿ ಈರುಳ್ಳಿ ಬೀಳುವ ಮೊದಲೇ, ನಾಯಿಯ ಪಾಲನ್ನು ತೆಗೆದಿಡಿ. ಬರಿಯ ಅನ್ನ, ಬೆಂದ ಕುಂಬಳ, ಬೇಯಿಸಿದ ಮೊಟ್ಟೆ, ಸ್ವಲ್ಪ ಮೊಸರು, ಒಣರೊಟ್ಟಿ. ಮೈಲಾರನ ಹೆಸರಿನಲ್ಲಿ ಕೊಡುವುದಾದರೆ ಸಜ್ಜೆಯ ರೊಟ್ಟಿಯನ್ನು ಕೊಡಿ, ಭರ್ತವನ್ನು ನೀವೇ ಉಣ್ಣಿ. ನಾಯಿಯ ಪಾಲಿನಲ್ಲಿ ಈರುಳ್ಳಿಯಿರಲಿಲ್ಲವೆಂದು ದೇವರು ಮುನಿದದ್ದನ್ನು ಯಾವ ಪುರಾಣವೂ ಹೇಳಿಲ್ಲ. ಬೇಯಿಸಿದ ಕೋಳಿಯ ಮೂಳೆ ಬೇಡ. ಬೆಂದ ಮೂಳೆ ಚೂಪಾಗಿ ಸೀಳಿ ಕರುಳಿಗೆ ಚುಚ್ಚುತ್ತದೆ. ಮಿಕ್ಕ ಹಬ್ಬದಡುಗೆ ಮನುಷ್ಯರಿಗೇ ಸೇರಲಿ, ಹಸಿದ ಮನುಷ್ಯರಿಗೆ ಈ ಊರಿನಲ್ಲಿ ಕೊರತೆಯಿಲ್ಲ. ಕೆಟ್ಟಿದ್ದರೆ ಹಸಿಕಸದ ಡಬ್ಬಿಗೆ.

ಅಷ್ಟರ ಮೇಲೂ ನಾಯಿ ಒಣದ್ರಾಕ್ಷಿಯನ್ನೋ ಚಾಕೊಲೇಟನ್ನೋ ಸಕ್ಕರೆರಹಿತ ಸಿಹಿಯನ್ನೋ ಕದ್ದು ತಿಂದರೆ, ಲಕ್ಷಣಗಳು ಕಾಣಲೆಂದು ಕಾಯಬೇಡಿ. ಮೊದಲ ಒಂದೆರಡು ತಾಸುಗಳಲ್ಲಿ ವೈದ್ಯರು ವಾಂತಿ ಮಾಡಿಸಿದರೆ ಬಹುಪಾಲು ಅನಾಹುತ ಹೊರಬೀಳುತ್ತದೆ. ಮನೆಯಲ್ಲೇ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಹಳೆಯ ಪದ್ಧತಿಯನ್ನು ಮರೆತುಬಿಡಿ. ಉಪ್ಪೇ ನಾಯಿಗೆ ಇನ್ನೊಂದು ವಿಷ. ಡಬ್ಬಿಯನ್ನು, ಪೊಟ್ಟಣದ ಚೀಟಿಯನ್ನು ಜೊತೆಗೇ ಒಯ್ಯಿರಿ. ಎಷ್ಟು ತಿಂದಿತು, ಎಷ್ಟು ಹೊತ್ತಿಗೆ ತಿಂದಿತು, ನಾಯಿಯ ತೂಕವೆಷ್ಟು, ಈ ಮೂರನ್ನು ಹೇಳಬಲ್ಲವರ ನಾಯಿಗೆ ಬದುಕುವ ಅವಕಾಶ ಹೆಚ್ಚು. ಕಾಳ್ಯಾನ ಪರವಾಗಿ ಈ ಮೂರರಲ್ಲಿ ಒಂದನ್ನೂ ಯಾರೂ ಹೇಳಲಾಗಲಿಲ್ಲ.

ಕೊನೆಗೆ ನಮ್ಮ ಮನೆಯ ಮಾತು. ರಾಜ್ಯೋತ್ಸವದ ಕಾರ್ಯಕ್ರಮಕ್ಕೆ ಪ್ರತಿ ವರ್ಷವೂ ಅಡುಗೆಯವರು ಲೆಕ್ಕಕ್ಕಿಂತ ಹೆಚ್ಚು ಬಿಸಿಬೇಳೆ ಬಾತ್ ಮಾಡುತ್ತಾರೆ. ಪ್ರತಿ ವರ್ಷವೂ ಅಧ್ಯಕ್ಷರ ಭಾಷಣ ಉದ್ದವಾಗಿ, ಊಟಕ್ಕೆ ಜನ ಕಡಿಮೆಯಾಗಿ, ಕೊಳಗದ ತಳದಲ್ಲಿ ಹತ್ತಿಪ್ಪತ್ತು ಕಿಲೋ ಉಳಿಯುತ್ತದೆ. ಹುಣಸೆ, ಈರುಳ್ಳಿ, ತುಪ್ಪ, ಮೂರೂ ಧಾರಾಳವಾಗಿರುವ ಆ ಬಾತನ್ನು ಸಭಾಂಗಣದ ಹಿಂದಿನ ಕಟ್ಟೆಯ ಮೇಲೆ ಸುರಿದು, ಕನ್ನಡದ ನಾಯಿಗಳೂ ಉಣ್ಣಲಿ ಎಂದು ನಕ್ಕು ಕೈತೊಳೆಯುವ ಸಂಪ್ರದಾಯವಿದೆ. ಈ ಸಲ ಅಡುಗೆಯವರಿಗೆ ನಾವು ಮೂರು ಕಿಲೋ ಅಕ್ಕಿಯ ಬಿಳಿ ಅನ್ನವನ್ನು ಬೇರೆಯಾಗಿ ಮಾಡಿಡಲು ಹೇಳಿದ್ದೇವೆ. ಖರ್ಚು ನೂರೈವತ್ತು ಇನ್ನೂರು ರೂಪಾಯಿಯಾದೀತು. ಕಾರ್ಯಕಾರಿ ಸಮಿತಿಯ ಒಬ್ಬ ಹಿರಿಯರು ಇದನ್ನು ಯಾವ ಬಾಬ್ತಿಗೆ ಬರೆಯುವುದೆಂದು ಕೇಳಿದ್ದಾರೆ. ಅತಿಥಿ ಸತ್ಕಾರಕ್ಕೆ ಬರೆಯಿರೆಂದು ತಿಳಿಸಿದ್ದೇವೆ.